ಬಿಳಿ ಕೋಲು ಕೊಟ್ಟರೆ ಸಾಕೇ? ನಡೆಯಲು ಕಲಿಸುವವರಿಗೆ ರಸ್ತೆಯಲ್ಲೇ ಆಗಬೇಕು ತರಬೇತಿ

ಪ್ರತಿ ವರ್ಷ ಅಕ್ಟೋಬರ್ 15ರಂದು ಬಿಳಿ ಕೋಲು ದಿನಾಚರಣೆ ನಡೆಯುತ್ತದೆ. ಜಾಥಾ, ಭಾಷಣ, ಕೋಲು ವಿತರಣೆ ಎಲ್ಲವೂ ಆಗುತ್ತದೆ. ಆದರೆ ಕೋಲು ಪಡೆದ ವ್ಯಕ್ತಿ ಮರುದಿನ ಮನೆಯಿಂದ ಬಸ್ ನಿಲ್ದಾಣಕ್ಕೆ ಒಬ್ಬರೇ ಹೋಗಬಲ್ಲರೇ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ಸಮಸ್ಯೆ ಇರುವವರ ಸಂಖ್ಯೆ ಸುಮಾರು 50 ಲಕ್ಷ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಇವರಿಗೆ ಸಾಧನ ಸಲಕರಣೆ ಸಿಗುತ್ತವೆ. ದೆಹಲಿ ಐಐಟಿ ರೂಪಿಸಿದ, ಎದುರಿನ ಅಡ್ಡಿಯನ್ನು ಕಂಪನದ ಮೂಲಕ ತಿಳಿಸುವ ಸ್ಮಾರ್ಟ್‌ಕೇನ್ 2014ರಲ್ಲೇ ಬಂದಿದೆ. ಸಾಧನಕ್ಕೆ ದಾರಿ ಇದೆ. ಅದನ್ನು ಬಳಸಲು ಕಲಿಸುವ ನುರಿತ ಕೈಗಳ ಬಗ್ಗೆ ಮಾತ್ರ ಚರ್ಚೆಯೇ ಆಗುತ್ತಿಲ್ಲ.

ಕೋಲು ಆಡಿಸುವುದಷ್ಟೇ ಅಲ್ಲ

ಈ ವಿದ್ಯೆಗೆ ಓರಿಯೆಂಟೇಶನ್ ಅಂಡ್ ಮೊಬಿಲಿಟಿ ಎನ್ನುತ್ತಾರೆ. ತಾನೀಗ ಎಲ್ಲಿದ್ದೇನೆ ಎಂದು ಅರಿಯುವುದು ಮೊದಲ ಭಾಗ, ಅಲ್ಲಿಂದ ಸುರಕ್ಷಿತವಾಗಿ ಹೋಗುವುದು ಎರಡನೆಯದು. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಉದ್ದ ಕೋಲಿನ ಕ್ರಮವನ್ನು ರೂಪಿಸಿದರು. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಮುಂದಿಟ್ಟಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡುತ್ತದೆ.

ಕೇಳಲು ಸುಲಭ. ಆದರೆ ವಾಹನಗಳ ಸದ್ದು ಕೇಳಿ ಯಾವಾಗ ರಸ್ತೆ ದಾಟಬೇಕು, ದಾರಿ ತಪ್ಪಿದರೆ ಮತ್ತೆ ಹೇಗೆ ಹುಡುಕಿಕೊಳ್ಳಬೇಕು, ಅಪರಿಚಿತರು ಕೈ ಹಿಡಿದು ಎಳೆದರೆ ಏನು ಮಾಡಬೇಕು? ಇವೆಲ್ಲ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಕಲಿಯುವವರಿಗಷ್ಟೇ ಅಲ್ಲ, ಕಲಿಸುವವರಿಗೂ.

350 ಗಂಟೆಯ ಲೆಕ್ಕ

ಅಮೆರಿಕದಲ್ಲಿ ಈ ವೃತ್ತಿಯ ಪ್ರಮುಖ ಪ್ರಮಾಣಪತ್ರ ಪಡೆಯಲು ಅನುಭವಿ ತರಬೇತುದಾರರ ಮೇಲ್ವಿಚಾರಣೆಯಲ್ಲಿ 350 ಗಂಟೆಗಳ ಪ್ರಾಯೋಗಿಕ ಕೆಲಸ ಕಡ್ಡಾಯ. ತರಬೇತಿಯ ಅವಧಿಯಲ್ಲಿ ಅಭ್ಯರ್ಥಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಾವೇ ಬೀದಿಯಲ್ಲಿ ನಡೆಯಬೇಕು. ಬಳಿಕ ನಿಜವಾದ ಕಲಿಕಾರ್ಥಿಗೆ ಪಾಠ ಹೇಳುತ್ತಾರೆ, ಹಿರಿಯರು ಹಿಂದೆ ನಿಂತು ಗಮನಿಸುತ್ತಾರೆ.

ಮೇಲ್ವಿಚಾರಣೆ ಬೇಕಾಗುವುದು ಎರಡು ತಪ್ಪುಗಳನ್ನು ತಡೆಯಲು. ಹೊಸ ತರಬೇತುದಾರರು ಅಪಾಯವನ್ನು ತಡವಾಗಿ ಗಮನಿಸಿದರೆ ಜೀವಕ್ಕೇ ಕುತ್ತು. ಹೆದರಿ ಪ್ರತಿ ಹೆಜ್ಜೆಗೂ ಕೈ ಹಿಡಿದರೆ ಕಲಿಯುವವರು ಎಂದೂ ಸ್ವತಂತ್ರರಾಗುವುದಿಲ್ಲ. ಯಾವಾಗ ಮಧ್ಯೆ ಪ್ರವೇಶಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬ ವಿವೇಚನೆ ಬರುವುದು ರಸ್ತೆಯಲ್ಲಿ, ಪಕ್ಕದಲ್ಲಿ ತಿಳಿದವರಿದ್ದಾಗ ಮಾತ್ರ. ಆನ್‌ಲೈನ್ ತರಗತಿ ಇದಕ್ಕೆ ಬದಲಿಯಾಗಲಾರದು.

ನಮ್ಮ ರಸ್ತೆಯ ಪಾಠವೇ ಬೇರೆ

ವಿದೇಶಿ ಪಠ್ಯವನ್ನು ಹಾಗೆಯೇ ತಂದರೂ ಸಾಲದು. ಅಲ್ಲಿನ ರಸ್ತೆ ದಾಟುವ ಪಾಠ ಫುಟ್‌ಪಾತ್ ಇದೆ, ವಾಹನಗಳು ಸಿಗ್ನಲ್ ಪಾಲಿಸುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಇಲ್ಲಿ ಫುಟ್‌ಪಾತ್ ಮೇಲೆ ಬೈಕ್ ಬರುತ್ತದೆ, ಚರಂಡಿಯ ಚಪ್ಪಡಿ ಬಾಯ್ದೆರೆದಿರುತ್ತದೆ, ಹಾರ್ನ್ ಸದ್ದಿನಲ್ಲಿ ವಾಹನದ ದಿಕ್ಕೇ ತಿಳಿಯುವುದಿಲ್ಲ. ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ವಾಹನಗಳು ಹೊಸ ತಲೆನೋವು. ಮುಂಬೈ ಲೋಕಲ್ ರೈಲು ಹತ್ತುವುದು, ದೆಹಲಿ ಮೆಟ್ರೊದ ಉಬ್ಬು ಟೈಲ್ಸ್ ಹಿಡಿದು ಸಾಗುವುದು, ಚೆನ್ನೈನ ಬಸ್ ಏರುವುದು ಒಂದೊಂದೂ ಬೇರೆ ಪಾಠ. ಆಯಾ ನಗರದಲ್ಲೇ ಅಭ್ಯಾಸ ಮಾಡಿದವರಷ್ಟೇ ಅದನ್ನು ಕಲಿಸಬಲ್ಲರು.

ಕಾನೂನು ಏನು ಹೇಳುತ್ತದೆ?

ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಸ್ಪಷ್ಟವಾಗಿದೆ. ಚಲನೆಯ ಕೌಶಲದ ತರಬೇತಿ ಅಂಗವಿಕಲರಿಗೂ ಸಿಗಬೇಕು, ಅವರೊಂದಿಗೆ ಕೆಲಸ ಮಾಡುವ ಪರಿಣತ ಸಿಬ್ಬಂದಿಗೂ ಸಿಗಬೇಕು. ಭಾರತೀಯ ಪುನರ್ವಸತಿ ಪರಿಷತ್ತು ನೋಂದಾಯಿಸುವ ವೃತ್ತಿಪರರ ಪಟ್ಟಿಯಲ್ಲಿ ಓರಿಯೆಂಟೇಶನ್ ಅಂಡ್ ಮೊಬಿಲಿಟಿ ತಜ್ಞರಿಗೂ ಪ್ರತ್ಯೇಕ ಸ್ಥಾನವಿದೆ.

ಆದರೂ ಈ ಪಾಠ ಹೆಚ್ಚಾಗಿ ಸಿಗುವುದು ವಿಶೇಷ ಶಿಕ್ಷಣದ ಕೋರ್ಸ್‌ನ ಒಂದು ಭಾಗವಾಗಿ. ಬ್ರೈಲ್, ಪಠ್ಯಕ್ರಮ, ಬೋಧನಾ ವಿಧಾನಗಳ ನಡುವೆ ಇದಕ್ಕೆ ಸಿಗುವ ಸಮಯ ಸೀಮಿತ. ಅಲ್ಲಿ ತಯಾರಾಗುವವರ ಗಮನವೂ ಶಾಲಾ ಮಕ್ಕಳ ಕಡೆಗೇ. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ದೃಷ್ಟಿ ಕಳೆದುಕೊಂಡವರು ಯಾವ ಶಾಲೆಗೆ ಹೋಗಬೇಕು? ಕೆಲಸ ಬಿಟ್ಟು ಮನೆಯಲ್ಲಿ ಕೂರುವವರಲ್ಲಿ ಇಂಥವರೂ ಇದ್ದಾರೆ.

ಅಂಧರೇ ಗುರುಗಳಾದರೆ?

ಅಂಧರು ಅಂಧರಿಗೆ ರಸ್ತೆ ದಾಟಲು ಕಲಿಸಬಹುದೇ? ಅಮೆರಿಕದಲ್ಲಿ ಇದು ದಶಕಗಳ ವಿವಾದ. ಸುರಕ್ಷತೆಯ ಹೆಸರಿನಲ್ಲಿ ಬಹುಕಾಲ ಅವರನ್ನು ದೂರವಿಡಲಾಯಿತು. ನ್ಯಾಷನಲ್ ಫೆಡರೇಶನ್ ಆಫ್ ದ ಬ್ಲೈಂಡ್ ಸಂಘಟನೆ ಇದನ್ನು ಪ್ರಶ್ನಿಸಿತು. ಲೂಸಿಯಾನಾ ಟೆಕ್ ವಿಶ್ವವಿದ್ಯಾಲಯದ ಕೋರ್ಸ್ ಅಂಧ ಅಭ್ಯರ್ಥಿಗಳಿಗೂ ಬಾಗಿಲು ತೆರೆಯಿತು. ಅಲ್ಲಿ ಕಣ್ಣಿರುವವರೂ ತಿಂಗಳುಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕಲಿಯಬೇಕು. ಕೋಲಿನ ಸದ್ದು, ಹೆಜ್ಜೆಯ ಲಯ ಕೇಳಿಯೇ ಶಿಷ್ಯರ ತಪ್ಪನ್ನು ಗುರುತಿಸಬಹುದು ಎಂಬುದು ಅವರ ವಾದ. ನುರಿತ ಸಿಬ್ಬಂದಿ ಕಡಿಮೆ ಇರುವಲ್ಲಿ, ಪ್ರತಿದಿನ ಇದೇ ರಸ್ತೆಗಳಲ್ಲಿ ಓಡಾಡುವ ಅಂಧರ ಅನುಭವವನ್ನು ಬದಿಗಿಡುವುದು ಜಾಣತನವಲ್ಲ.

ಹಾಗಾದರೆ ಏನಾಗಬೇಕು? ಮೇಲ್ವಿಚಾರಣೆಯ ಪ್ರಾಯೋಗಿಕ ಗಂಟೆಗಳಿಗೆ ದೇಶದಾದ್ಯಂತ ಒಂದೇ ಕನಿಷ್ಠ ಮಿತಿ ಬೇಕು. ಆ ಗಂಟೆಗಳು ತರಗತಿಯಲ್ಲಲ್ಲ, ಬೀದಿಯಲ್ಲಿ ಪೂರ್ಣವಾಗಬೇಕು. ಮೇಲ್ವಿಚಾರಕರಿಗೆ ಅದಕ್ಕೆಂದೇ ಸಂಬಳ ಸಿಗಬೇಕು. ಕೋಲು ವಿತರಣೆಯ ಪ್ರತಿ ಶಿಬಿರದ ಜೊತೆ ಕೆಲವು ವಾರಗಳ ತರಬೇತಿಯೂ ಸೇರಬೇಕು. ಇದಕ್ಕೆ ಹಣ ಬೇಕು, ನಿಜ. ಆದರೆ ತರಬೇತಿಯಿಲ್ಲದೆ ಹಂಚಿದ ಕೋಲು ಮನೆಯ ಮೂಲೆ ಸೇರಿದರೆ, ಅದಕ್ಕೆ ಖರ್ಚಾದ ಹಣವೂ ಅದರೊಂದಿಗೇ ಮೂಲೆ ಸೇರುತ್ತದೆ.