ಒಂದು ವಾಕ್ಯದ ಬೆಲೆ

ಕಾಗದದ ಮೇಲೆ ಬರೆದ ಮಾತಿನಿಂದ ಹೆಂಗಸರ ಬಾಳು ಬದಲಾದೀತೇ ಎಂದು ಕೇಳುವವರು ಬಹುಮಂದಿ ಇದ್ದಾರೆ. ಜನರ ನಡತೆಯನ್ನು ತಿದ್ದದೆ ಕಾಯಿದೆಯನ್ನು ತಿದ್ದಿ ಫಲವೇನೆಂಬುದು ಅವರ ವಾದ. ಇದರಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳೆವು. ಆದರೂ ಜರ್ಮನಿ ದೇಶದ ಎಲಿಜಬೆತ್ ಸೆಲ್ಬರ್ಟ್ ಎಂಬಾಕೆಯ ಚರಿತ್ರೆಯನ್ನು ಬಲ್ಲವರು ಕಾಗದದ ಮಾತನ್ನು ಹಗುರವಾಗಿ ಎಣಿಸಲಾರರೆಂದು ನಮ್ಮ ಅಭಿಪ್ರಾಯ.

ಈಕೆ 1896ನೆಯ ಇಸವಿ ಸೆಪ್ಟೆಂಬರ್ 22ರಂದು ಕಾಸೆಲ್ ಪಟ್ಟಣದಲ್ಲಿ, ನಾಲ್ವರು ಹೆಣ್ಣುಮಕ್ಕಳಿದ್ದ ಸಾಧಾರಣ ಮನೆತನದಲ್ಲಿ ಜನಿಸಿದಳು. ಶಾಲೆಯನ್ನು ಬಿಡುವಾಗ ಆಕೆಯ ಕೈಯಲ್ಲಿ ಪ್ರಮಾಣಪತ್ರವೂ ಇರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತಂತಿ ಕಚೇರಿಯಲ್ಲಿ ದುಡಿದಳು. 1918ರಲ್ಲಿ ಸೋಶಿಯಲ್ ಡೆಮೊಕ್ರಾಟಿಕ್ ಪಕ್ಷವನ್ನು ಸೇರಿ, 1920ರಲ್ಲಿ ಆಡಮ್ ಸೆಲ್ಬರ್ಟ್ ಎಂಬ ಮುದ್ರಣಕಾರನನ್ನು ಮದುವೆಯಾದಳು. ಇಬ್ಬರು ಗಂಡುಮಕ್ಕಳ ತಾಯಿಯಾದ ಮೇಲೆ, ಮನೆಗೆಲಸದ ನಡುವೆ ತಾನೇ ಓದಿಕೊಂಡು, ಬಿಟ್ಟಿದ್ದ ಪ್ರೌಢಶಾಲೆಯ ಪರೀಕ್ಷೆಯನ್ನು ಮುಗಿಸಿದಳು. ಬಳಿಕ ಮಾರ್ಬುರ್ಗ್ ಮತ್ತು ಗೋಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ಕಾಯಿದೆಯನ್ನು ಅಭ್ಯಾಸಮಾಡಿ, 1930ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. 1933ರಲ್ಲಿ ಹಿಟ್ಲರನ ಸರಕಾರವು ಗಂಡನನ್ನು ಕೆಲಸದಿಂದ ತೆಗೆದು ಬಂಧನದಲ್ಲಿಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ, ಹೆಂಗಸರಿಗೆ ವಕೀಲಿಯ ಬಾಗಿಲು ಮುಚ್ಚುವುದಕ್ಕೆ ತುಸು ಮುಂಚೆ ಸನ್ನದು ಪಡೆದ ಈಕೆಯೇ ಆ ಕೆಟ್ಟ ಕಾಲದಲ್ಲಿ ಸಂಸಾರವನ್ನು ಸಾಕಿದಳು.

ಎರಡನೆಯ ಮಹಾಯುದ್ಧವು ಮುಗಿದ ನಂತರ, 1948ರಲ್ಲಿ, ಪಶ್ಚಿಮ ಜರ್ಮನಿಗೆ ಹೊಸ ರಾಜ್ಯಾಂಗವನ್ನು ರಚಿಸಲು ಬಾನ್ ನಗರದಲ್ಲಿ ಸಭೆ ಸೇರಿತು. ಮತಾಧಿಕಾರವಿದ್ದ 65 ಮಂದಿ ಸಭಾಸದರಲ್ಲಿ ಹೆಂಗಸರು ನಾಲ್ವರೇ: ಸೆಲ್ಬರ್ಟ್, ಫ್ರೀಡೆರಿಕೆ ನಾಡಿಗ್, ಹೆಲೆನೆ ವೇಬರ್, ಹೆಲೆನೆ ವೆಸೆಲ್. ಹೆಂಗಸರಿಗೂ ಗಂಡಸರಿಗೂ ಪೌರ ಹಕ್ಕುಗಳು ಸಮಾನವೆಂದು ಬರೆದರೆ ಸಾಕೆಂಬುದು ಹಲವರ ಮತವಾಗಿತ್ತು. 1919ರ ವೈಮಾರ್ ರಾಜ್ಯಾಂಗದಲ್ಲಿಯೂ ಹಾಗೆಯೇ ಇತ್ತು. ಅಲ್ಲಿ 'ತತ್ತ್ವತಃ' ಎಂಬ ಇನ್ನೊಂದು ಪದವೂ ಸೇರಿತ್ತು. ಓದುವವರಿಗೆ ಇದು ಉದಾರವಾದ ಮಾತೆಂದೇ ತೋರುವುದು. ಆದರೆ ವಕೀಲೆಯ ಕಣ್ಣು ಆ 'ಪೌರ' ಎಂಬ ಪದದ ಮೇಲೆ ನಿಂತಿತು. ಪೌರ ಹಕ್ಕೆಂದರೆ ಮತ ಹಾಕುವುದು, ಅಧಿಕಾರಕ್ಕೆ ನಿಲ್ಲುವುದು. ಮನೆಯ ಹೊಸ್ತಿಲೊಳಗೆ ಅದು ಬಾರದು. ಆಗ ಜಾರಿಯಲ್ಲಿದ್ದ 1900ರ ಸಿವಿಲ್ ಸಂಹಿತೆಯಂತೆ ಸಂಸಾರದ ವಿಷಯಗಳಲ್ಲಿ ಗಂಡನ ತೀರ್ಮಾನವೇ ಕಡೆಯದು. ಹೆಂಡತಿ ತಂದ ಸ್ವತ್ತಿನ ಆಡಳಿತವೂ ಸಾಮಾನ್ಯವಾಗಿ ಅವನದೇ. ಆದಕಾರಣ ವಿಶೇಷಣವೊಂದೂ ಇಲ್ಲದೆ, ಗಂಡಸರೂ ಹೆಂಗಸರೂ ಸಮಾನ ಹಕ್ಕುಳ್ಳವರು ಎಂದಷ್ಟೇ ಬರೆಯಬೇಕೆಂದು ಆಕೆ ಹಟ ಹಿಡಿದಳು.

ಹೀಗಾದರೆ ಕುಟುಂಬದ ಕಾಯಿದೆಯೆಲ್ಲ ಕುಸಿದುಬೀಳುವುದೆಂದು ಸ್ವಪಕ್ಷದವರೇ ಅಂಜಿದರು. 1948ರ ಡಿಸೆಂಬರ್ 3ರಂದು ಮುಖ್ಯ ಸಮಿತಿಯು ಆಕೆಯ ವಾಕ್ಯವನ್ನು ತಳ್ಳಿಹಾಕಿತು. ಆಕೆ ಸುಮ್ಮನಾಗಲಿಲ್ಲ. ಊರೂರಿಗೆ ಹೋಗಿ ಹೆಂಗಸರಿಗೆ ಸಂಗತಿಯನ್ನು ತಿಳಿಸಿದಳು. ಮಹಿಳಾ ಸಂಘಗಳಿಂದಲೂ ದುಡಿಯುವ ಹೆಂಗಸರಿಂದಲೂ ಬಾನ್ ನಗರಕ್ಕೆ ಪ್ರತಿಭಟನೆಯ ಪತ್ರಗಳು ಬಂದವು. ಯುದ್ಧದಲ್ಲಿ ಗಂಡಸರು ಲಕ್ಷಗಟ್ಟಲೆ ಮಡಿದುದರಿಂದ ಮತದಾರರಲ್ಲಿ ಹೆಂಗಸರೇ ಹೆಚ್ಚೆಂಬುದನ್ನು ಸಭಾಸದರು ಮರೆಯುವಂತಿರಲಿಲ್ಲ. 1949ರ ಜನವರಿ 18ರಂದು ಅದೇ ಸಮಿತಿಯು ಅದೇ ವಾಕ್ಯವನ್ನು ಒಮ್ಮತದಿಂದ ಅಂಗೀಕರಿಸಿತು. ಮೇ 23ರಂದು ಪ್ರಕಟವಾದ ರಾಜ್ಯಾಂಗದ 3ನೆಯ ವಿಧಿಯಲ್ಲಿ ಅದು ಸೇರಿತು. ಇದಕ್ಕೆ ವಿರುದ್ಧವಾದ ಹಳೆಯ ಕಾಯಿದೆಗಳು 1953ರ ಮಾರ್ಚ್ 31ರಿಂದಾಚೆಗೆ ಉಳಿಯಕೂಡದೆಂದು ಗಡುವನ್ನೂ ಹಾಕಲಾಯಿತು.

ಗಡುವು ಮೀರಿತು; ಸರಕಾರವು ಹೊಸ ಕಾಯಿದೆಯನ್ನು ತರಲಿಲ್ಲ. ಕಾಗದದ ಮಾತು ವ್ಯರ್ಥವೆನ್ನುವವರು ಇಲ್ಲಿ ನಕ್ಕಾರು. ಆದರೆ ವಾಕ್ಯವು ಅಲ್ಲಿ ಇದ್ದುದರಿಂದಲೇ ಗಡುವಿನ ಮರುದಿನ ಹಳೆಯ ಕಟ್ಟಳೆಗಳು ಬಲಗುಂದಿದವು. ನ್ಯಾಯಾಧೀಶರು ಅದನ್ನು ಹಿಡಿದೇ ತೀರ್ಪು ಕೊಡಬೇಕಾಯಿತು. 1958ರ ಜುಲೈ 1ರಿಂದ ಜಾರಿಗೆ ಬಂದ ಸಮಾನತೆಯ ಕಾಯಿದೆಯು ಮಕ್ಕಳ ವಿಷಯದಲ್ಲಿ ತಂದೆಯ ಮಾತೇ ಕಡೆಯದೆಂದು ಉಳಿಸಿಕೊಂಡಿದ್ದರೆ, 1959ರಲ್ಲಿ ರಾಜ್ಯಾಂಗ ನ್ಯಾಯಾಲಯವು ಈ ವಾಕ್ಯದ ಆಧಾರದಿಂದಲೇ ಅದನ್ನು ರದ್ದುಮಾಡಿತು. ಜನರ ಮನಸ್ಸು ತಿರುಗುವ ತನಕ ವಾಕ್ಯವು ಕಾದು ಕುಳಿತಿರಲಿಲ್ಲ, ತಾನೇ ಕೆಲಸಮಾಡಿತು.

ಆಕೆಗೆ ದೊರೆತ ಪ್ರತಿಫಲವಾದರೋ ಅಲ್ಪ. ರಾಷ್ಟ್ರೀಯ ಶಾಸನಸಭೆಯಲ್ಲಿ ಸ್ಥಾನ ಸಿಕ್ಕಲಿಲ್ಲ. ರಾಜ್ಯಾಂಗ ನ್ಯಾಯಾಲಯದ ಪೀಠಕ್ಕೆ ಹೆಸರು ಎದ್ದಿತೇ ಹೊರತು ನೇಮಕವಾಗಲಿಲ್ಲ. 1958ರವರೆಗೆ ಹೆಸೆನ್ ಪ್ರಾಂತದ ಶಾಸನಸಭೆಯಲ್ಲಿದ್ದು, ಮುಪ್ಪಿನವರೆಗೂ ಕಾಸೆಲ್‌ನಲ್ಲಿ ವಕೀಲಿ ನಡೆಸಿ, 1986ರ ಜೂನ್ 9ರಂದು ಆಕೆ ತೀರಿಕೊಂಡಳು.

ನಮ್ಮ ಪ್ರಿಯ ವಿದ್ಯಾರ್ಥಿನಿಯರು ಈ ಚರಿತ್ರೆಯಿಂದ ಧೈರ್ಯವೊಂದನ್ನೇ ಕಲಿತರೆ ಸಾಲದು. ಧೈರ್ಯವುಳ್ಳ ಹೆಂಗಸರು ಎಲ್ಲ ಕಾಲದಲ್ಲಿಯೂ ಇದ್ದರು. 'ಪೌರ' ಎಂಬ ಒಂದು ಪದದಲ್ಲಿ ಅಡಗಿದ್ದ ಮೋಸವನ್ನು ಕಾಣಲು ಧೈರ್ಯವಲ್ಲದೆ ವಿದ್ಯೆಯೂ ಬೇಕಾಗಿತ್ತು. ಆ ವಿದ್ಯೆಯನ್ನು ಆಕೆ ಮೂವತ್ತರ ಆಸುಪಾಸಿನಲ್ಲಿ, ಮಕ್ಕಳನ್ನು ಸಾಕುತ್ತ ಸಂಪಾದಿಸಿದಳು. ಹೆಣ್ಣುಮಕ್ಕಳಿಗೆ ಓದು ಬರಹ ಬಂದರೆ ಸಾಕೆನ್ನುವವರಿಗೆ ನಮ್ಮ ಉತ್ತರ ಇಷ್ಟೇ: ತಮ್ಮ ವಿಷಯವಾಗಿ ಬೇರೆಯವರು ಬರೆದಿಟ್ಟುದನ್ನು ಓದುವಷ್ಟು ಮಾತ್ರವಲ್ಲ, ಅದನ್ನು ತಿದ್ದಿ ಬರೆಯುವಷ್ಟು ವಿದ್ಯೆ ಅವರಿಗೆ ಬೇಕು.