ಕೇದಾರದ ಕಣಿವೆಯಲ್ಲಿ ಸೊಬಗು ಮತ್ತು ವೈರಾಗ್ಯ



ಉತ್ತರಾಖಂಡದ ರುದ್ರಪ್ರಯಾಗದಲ್ಲಿ ಮಂದಾಕಿನಿಯು ಅಲಕನಂದೆಯನ್ನು ಕೂಡುತ್ತಾಳೆ. ಅಲ್ಲಿಂದ ಮಂದಾಕಿನಿಯ ದಡ ಹಿಡಿದು ಮೇಲೇರಿದಂತೆ ಹಿಮಾಲಯವು ತನ್ನ ಚೆಲುವನ್ನು ಒಂದೊಂದಾಗಿ ತೆರೆದು ತೋರುತ್ತದೆ. ಕೆಳಗೆ ಮೆಟ್ಟಿಲುಮೆಟ್ಟಿಲಾದ ಹೊಲಗಳು, ಅವುಗಳ ಮೇಲೆ ದಟ್ಟವಾದ ಕಾಡು, ವಸಂತದಲ್ಲಿ ಬುರಾಂಶ ಮರಗಳ ಕೆಂಪು ಹೂಗಳು. ಇನ್ನೂ ಮೇಲೆ, ಮರಗಳೇ ಬೆಳೆಯದ ಎತ್ತರದಲ್ಲಿ, ಮಳೆಗಾಲದಲ್ಲಿ ಅರಳುವ ಬ್ರಹ್ಮಕಮಲವು ಕೇದಾರನಾಥನ ಪೂಜೆಗೆ ಸಲ್ಲುತ್ತದೆ. ಸುಮಾರು 3,583 ಮೀಟರ್ ಎತ್ತರದಲ್ಲಿ ಹಿಮಶಿಖರಗಳ ಮಡಿಲಲ್ಲಿ ಕೇದಾರನಾಥನ ಶಿಲಾಮಂದಿರವಿದೆ. ಅಲ್ಲಿಯ ಲಿಂಗವು ನುಣುಪಾಗಿ ಕಡೆದುದಲ್ಲ. ಬೆಟ್ಟದ ತುದಿಯನ್ನು ಹೋಲುವ ಮೂರು ಮೂಲೆಯ ಒರಟು ಶಿಲೆ.

ಈ ಕ್ಷೇತ್ರಕ್ಕೂ ಕನ್ನಡನಾಡಿಗೂ ನಂಟುಂಟು. ವೀರಶೈವ ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರ ವೈರಾಗ್ಯಪೀಠವು ಕಣಿವೆಯ ಊಖೀಮಠದಲ್ಲಿದೆ. ಅದರ ಅಧಿಪತಿಗಳಾದ ರಾವಲರೂ ಅವರ ಅಪ್ಪಣೆಯಂತೆ ಪೂಜೆ ನಡೆಸುವ ಅರ್ಚಕರೂ ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವರು.

ದೀಪಾವಳಿಯ ಬೆನ್ನಿಗೇ ಬರುವ ಯಮದ್ವಿತೀಯದಂದು ಗುಡಿಯ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಊಖೀಮಠದ ಓಂಕಾರೇಶ್ವರ ಮಂದಿರಕ್ಕೆ ಇಳಿದುಬಂದು ಚಳಿಗಾಲವನ್ನು ಅಲ್ಲಿಯೇ ಕಳೆಯುತ್ತದೆ. ಬಾಗಿಲು ಮತ್ತೆ ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಪ್ರಕಟಿಸುತ್ತಾರೆ. ಹೀಗೆ ವರ್ಷದಲ್ಲಿ ಸುಮಾರು ಆರು ತಿಂಗಳು ಬೆಟ್ಟವನ್ನು ಬೆಟ್ಟಕ್ಕೇ ಬಿಟ್ಟುಕೊಡುವ ಕಟ್ಟಳೆಯನ್ನು ಹಿರಿಯರು ಉಳಿಸಿಕೊಂಡು ಬಂದಿದ್ದಾರೆ.

ಈ ಮಿತಿಯ ಅರ್ಥವು 2013ರ ಜೂನ್ 16 ಮತ್ತು 17ರಂದು ಕಠೋರವಾಗಿ ಮನವರಿಕೆಯಾಯಿತು. ಅತಿಯಾದ ಮಳೆ ಸುರಿದು, ಗುಡಿಯ ಮೇಲ್ಭಾಗದ ಚೋರಾಬಾರಿ ಸರೋವರವು ಒಡೆದು, ನೀರು ಕಲ್ಲುಮಣ್ಣುಗಳೊಡನೆ ಧುಮುಕಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಯಾತ್ರಿಕರ ತಂಗುದಾಣವಾಗಿದ್ದ ರಾಂಬಾಡಾ ಹೇಳಹೆಸರಿಲ್ಲದಾಯಿತು. ಗುಡಿಯ ಹಿಂದೆ ಉರುಳಿಬಂದು ನಿಂತ ಬೃಹತ್ ಬಂಡೆಯು ಪ್ರವಾಹವನ್ನು ಇಬ್ಭಾಗಿಸಿದ್ದರಿಂದ ಮಂದಿರ ಉಳಿಯಿತು. ಹೊಳೆಗೆ ಒತ್ತಿಕೊಂಡು ಎದ್ದಿದ್ದ ಎಷ್ಟೋ ಕಟ್ಟಡಗಳು ಉಳಿಯಲಿಲ್ಲ.

ಆದುದರಿಂದ ಕೇದಾರಕ್ಕೆ ಹೊರಡುವ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹ. ಅವಸರದ ದರ್ಶನವನ್ನು ಬಿಡಿ. ಊಖೀಮಠದಲ್ಲಿ ಒಂದೆರಡು ದಿನ ತಂಗಿ, ಸಮೀಪದ ದೇವರಿಯಾ ತಾಲ್ ಸರೋವರದಲ್ಲಿ ಚೌಖಂಬಾ ಶಿಖರದ ಪ್ರತಿಬಿಂಬವನ್ನು ಮಕ್ಕಳಿಗೆ ತೋರಿಸಿ. ಮೇಲಿನ ತೆಳುಗಾಳಿಗೆ ದೇಹವೂ ಒಗ್ಗಬೇಕಲ್ಲವೇ? ಮಳೆ ಬಿರುಸಾದಾಗ ತಡೆದರೆ ಮುನಿಯದೆ ನಿಲ್ಲಿರಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ.

ಪೀಠದ ಹೆಸರಿನಲ್ಲಿಯೇ ವೈರಾಗ್ಯವಿದೆ. ಬೇಕೆನಿಸಿದರೂ ಸಾಕೆನ್ನಬಲ್ಲವನೇ ನಿಜವಾದ ಯಾತ್ರಿಕ. ಸ್ವಾಮಿಯೇ ಹಿಮಕ್ಕೆ ಎಡೆಗೊಟ್ಟು ಕೆಳಗಿಳಿಯುವ ನೆಲದಲ್ಲಿ ನಾವು ಅತಿಥಿಗಳಂತೆ ನಡೆದುಕೊಳ್ಳುವುದೂ ಶಿವಪೂಜೆಯೇ ಸರಿ.