ಸೊಸಿ ಸಾಲಿಗೆ ಹೋದ್ರ ಒಲಿ ಆರೂದಿಲ್ಲ

ಥಂಡಿ ಶುರು ಆತಂದ್ರ ನಮ್ಮ ಓಣ್ಯಾಗ ಒಂದು ಮಾತು ಭಾಳ ಕೇಳಿ ಬರ್ತೈತಿ. "ಇಷ್ಟ ಪಗಾರಕ್ಕ ಇಂಥಾ ಚಳ್ಯಾಗ ಆ ಹುಡುಗೀನ ಯಾಕ ಓಡಾಡಸ್ತೀರಿ? ಬಿಡಸಿಬಿಡ್ರಿ." ಸೊಸಿ ನೌಕರಿಗೆ ಹೋಗೂ ಮನಿಗೆ ಬಂದವರು ಚಾ ಕುಡದು, ಕುಂಕುಮ ಹಚಗೊಂಡು, ಏಳೂ ಮುಂದ ಇದನ್ನ ಹೇಳೇ ಹೋಗ್ತಾರ. ಹೇಳಾವ್ರು ಕೆಟ್ಟವರಲ್ಲ, ನಮ್ಮವರ. ಹುಡುಗಿ ಮ್ಯಾಲಿನ ಕರುಳಿಗೇ ಅಂತಾರ. ಆದ್ರ ನನಗ ಈ ಮಾತು ಒಪ್ಪಿಗಿ ಇಲ್ಲ. ಯಾಕ ಇಲ್ಲ ಅನ್ನೂದನ್ನ ಹೊಸ್ತಿಲದಾಗ ನಿಂತು ಹೇಳಾಕ ಆಗೂದಿಲ್ಲ. ಅದಕ್ಕ ಕುಂತು ಬರದೀನಿ, ಅಕ್ಕಾರ ತಂಗ್ಯಾರ ಓದ್ರಿ.

ನಮ್ಮ ಮನಿ ರೋಣದಾಗ. ಸೊಸಿ ಡಿ.ಎಡ್ ಮಾಡ್ಯಾಳ, ಟಿಇಟಿ ಪಾಸಾಗ್ಯಾಳ. ಗಜೇಂದ್ರಗಡ ದಾರ್ಯಾಗಿನ ಒಂದು ಹಳ್ಳಿ ಸರಕಾರಿ ಸಾಲ್ಯಾಗ ಅತಿಥಿ ಶಿಕ್ಷಕಿ. ಹೆಸರು ನೋಡ್ರಿ, ಅತಿಥಿ! ಅತಿಥಿಗೆ ಮನ್ಯಾಗ ಮೊದಲು ಮಣಿ ಹಾಕ್ತೀವಿ, ಹೋಳಿಗಿ ಬಡಸ್ತೀವಿ. ಸಾಲ್ಯಾಗ ಅತಿಥಿ ಅಂದ್ರ ಕಾಯಂ ಅಲ್ಲ ಅಂತ ಅರ್ಥ. ಬ್ಯಾಸಗಿ ಸೂಟ್ಯಾಗ ಪಗಾರ ಇಲ್ಲ. ಜೂನ್ ಬಂತಂದ್ರ ಮತ್ತ ಹೊಸದಾಗಿ ಅರ್ಜಿ ಹಾಕಬೇಕು. ಪ್ರಾಥಮಿಕ ಸಾಲ್ಯಾಗಿನ ಅತಿಥಿ ಶಿಕ್ಷಕರಿಗೆ ಮೊದಲು ತಿಂಗಳಿಗೆ 10,000 ಇತ್ತು, 2025ರ ಬಜೆಟ್ಟಿನ್ಯಾಗ 2,000 ಹೆಚ್ಚು ಮಾಡಿದ್ರು. ಕಾಯಂ ಮಾಸ್ತರಿಗೆ ಬರೂದರ ಮುಂದ ಇದು ಕಡಿಮಿನ, ನಾನೂ ಒಪ್ಪತೀನಿ. ಆದ್ರ ಕಡಿಮಿ ಐತಿ ಅಂದ್ರ ಹೆಚ್ಚು ಕೊಡ್ರಿ ಅಂತ ಕೇಳಬೇಕು. ಕಡಿಮಿ ಐತಿ, ಅದಕ್ಕ ಬಿಟ್ಟುಬಿಡು ಅನ್ನೂದು ಯಾವ ಲೆಕ್ಕ?

ರೊಕ್ಕದ ಮಾತು ಬಂತು, ಅದನ್ನ ಮೊದಲು ಮುಗಸೂಣು. ನಮ್ದು ಎರಿ ಹೊಲ, ಮಳಿ ನಂಬಿದ್ದು. ಹಿಂಗಾರ್ಯಾಗ ಕಡ್ಲಿ, ಬಿಳಿಜ್ವಾಳ, ಬದುವಿಗೆ ಒಂದೆರಡು ಸಾಲು ಕುಸುಬಿ. ಒಂದು ವರ್ಷ ಕಡ್ಲಿ ಕೈ ಹಿಡೀತೈತಿ, ಇನ್ನೊಂದು ವರ್ಷ ಹೂವಿನ್ಯಾಗ ಇದ್ದಾಗ ಮೋಡ ಕವದು ಹುಳ ಬೀಳ್ತಾವ. ನನ್ನ ತವರುಮನಿ ನರಗುಂದ, ಅಲ್ಲಿ ಮಲಪ್ರಭಾ ಕಾಲಿವಿ ಐತಿ ಅಂತ ಹೆಸರು. ಆ ನೀರಿನ ಕರದ ಸಲುವಾಗಿನ 1980ರಾಗ ನರಗುಂದದ ರೈತರು ಎದ್ದು ನಿಂತು, ಗೋಳಿಬಾರ ಆತು. 2015ರಿಂದ ಮಹಾದಾಯಿ ನೀರಿಗೆ ಮತ್ತ ಧರಣಿ ಕುಂತ್ರು. ನೀರಿನ ಸಲುವಾಗಿ ಇಷ್ಟು ಹಾದಿ ಕಾಯೂ ಊರಾಗ ತಿಂಗಳಾ ಒಂದು ಪಗಾರ ಮನಿಗೆ ಬರ್ತೈತಿ ಅಂದ್ರ ಅದು ಸಣ್ಣದಲ್ಲ. ಹತ್ತು ತಿಂಗಳಿಗೆ ಹಿಡದ್ರೂ 1,20,000 ಆತು. ಮೊದಲ ಬಸ್ಸಿನ ಚಾರ್ಜಿಗೇ ಒಂದಿಷ್ಟು ಹೋಗ್ತಿತ್ತು. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂದ ಮ್ಯಾಲೆ ಅದೂ ಉಳೀತು. ಆಧಾರ ಕಾರ್ಡ ತೋರಿಸಿ ಕುಂದರ್ತಾಳ. ನನ್ನ ಖಾತಿಗೆ ಗೃಹಲಕ್ಷ್ಮಿ 2,000 ಬಂದಾಗ "ಅತ್ತಿಗೆ ಕೈಗಾವಲು ಆತು" ಅಂತ ಎಲ್ಲಾರೂ ಖುಷಿ ಪಟ್ರಿ. ಸೊಸಿ ಖಾತಿಗೆ ದುಡದ ರೊಕ್ಕ ಬಂದ್ರ ಅದ್ಯಾಕ ಲೆಕ್ಕಕ್ಕ ಬರವಲ್ದು?

ಎರಡನೇ ಮಾತು. "ಮನಿ ಬಿಟ್ಟು ಹೋಗ್ತಾಳ" ಅಂತಾರ. ಅವ್ವಾರ, ನಮ್ಮ ಕಡೆ ಹೆಣ್ಣಮಕ್ಕಳು ಮನ್ಯಾಗ ಕುಂತಿದ್ದು ಯಾವಾಗ? ನಮ್ಮ ಅತ್ತಿಯವರು ನಸುಕಿನ್ಯಾಗ ಎದ್ದು, ಬುಟ್ಟಿ ತಲಿ ಮ್ಯಾಲ ಇಟಗೊಂಡು, ಕೂಸಿನ್ನ ಬಗಲಾಗ ಹಾಕ್ಕೊಂಡು ಕಳೇ ತಗ್ಯಾಕ ಹೋಗ್ತಿದ್ರು. ಮಂಜು ಇನ್ನೂ ಕಡ್ಲಿ ಗಿಡದ ಮ್ಯಾಲ ಇರ್ತಿತ್ತು, ಆ ಹುಳಿಗೆ ಕೈ ಕಾಲು ಒಡೀತಿದ್ವು. ಅವರಿಗೆ ಯಾರೂ "ಮನಿ ಬಿಟ್ಟಾಳ" ಅನ್ನಲಿಲ್ಲ. ಗಜೇಂದ್ರಗಡದ ನೇಕಾರರ ಮನಿ ಹೆಣ್ಣಮಕ್ಕಳು ಮಗ್ಗದ ಕೆಲಸಕ್ಕ ನೂಲು ಸುತ್ತಿಕೋತ ಮಕ್ಕಳನ್ನ ದೊಡ್ಡವರನ್ನ ಮಾಡ್ಯಾರ, ಅವರಿಗೂ ಯಾರೂ ಅನ್ನಲಿಲ್ಲ. ಬುಟ್ಟಿ ಹೊತ್ತು ಹೋದ್ರ ದುಡಿತ, ಚೀಲ ಹಾಕ್ಕೊಂಡು ಬಸ್ಸು ಹತ್ತಿದ್ರ ಮನಿ ಬಿಟ್ಟಂಗ. ಇದು ನನಗ ತಿಳಿಯವಲ್ದು.

ನಮ್ಮ ಅಡಗೀನ ನೋಡ್ರಿ. ಖಡಕ್ ರೊಟ್ಟಿ ಯಾಕ ಹುಟ್ಟಿತು? ದಿನಾ ಮುಂಜಾನೆ ಒಲಿ ಮುಂದ ಕುಂದ್ರಾಕ ಪುರಸೊತ್ತ ಇಲ್ಲದ ಹೆಣ್ಣಮಕ್ಕಳ ಸಲುವಾಗೇ ಹುಟ್ಟಿರಬೇಕು ಅಂತ ನನ್ನ ವಿಚಾರ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಂದು ಸಲ ಬಡದು, ಒಣಗಿಸಿ, ಅರಿಬಿ ಸುತ್ತಿ ಇಟ್ರ ವಾರಗಟ್ಟಲೆ ಕೆಡೂದಿಲ್ಲ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಮ್ಯಾಲ ಗಟ್ಟಿ ಮಸರು. ಥಂಡ್ಯಾಗ ಮೈಗೂ ಬೆಚ್ಚಗ. ಎಳ್ಳಮಾಸಿಗೆ ಚರಗಕ್ಕಂತ ಮಾಡಿದ ರೊಟ್ಟಿ ಸಂಕ್ರಾಂತಿಗೂ ಬರ್ತಾವ. ದುಡಿಯಾಕ ಹೋಗೂ ಹೆಣ್ಣಿನ ಸಲುವಾಗಿ ನಮ್ಮ ಹಿರಿಯಾರು ಇಷ್ಟು ಚಂದ ವ್ಯವಸ್ಥಾ ಮಾಡಿ ಇಟ್ಟಾರ. ನಾವು ಸೊಸಿ ಬುತ್ತಿಗೆ ನಾಕು ರೊಟ್ಟಿ, ಒಂದೀಟು ಹಿಂಡಿ ಕಟ್ಟೂದಕ್ಕ ಯಾಕ ಹೊಟ್ಟಿ ಉರಕೋಬೇಕು?

ಮೂರನೇದು, ಸಾಲಿ ಮಕ್ಕಳ ಮಾತು. ಅತಿಥಿ ಶಿಕ್ಷಕರನ್ನ ತಗೊಳ್ಳೂದು ಯಾವಾಗ? ಕಾಯಂ ಮಾಸ್ತರ ಜಾಗಾ ಖಾಲಿ ಇದ್ದಾಗ. ನನ್ನ ಸೊಸಿ ಡಿಸೆಂಬರದಾಗ "ಚಳಿ ಆಗ್ತೈತಿ, ನಾ ಒಲ್ಲೆ" ಅಂತ ಬಿಟ್ರ, ಆ ಜಾಗಾ ಮತ್ತ ಖಾಲಿ. ಒಬ್ಬರ ಬಾಯಾರು ಎರಡು ಮೂರು ಇಯತ್ತೆ ಮಕ್ಕಳನ್ನ ಒಂದ ಕೋಲ್ಯಾಗ ಕುಂದರಸ್ಕೊಂಡು ಸಂಭಾಳಸಬೇಕು. ಪರೀಕ್ಷೆ ಮುಂದ ಬಂದಿರ್ತಾವ. ಆ ಮಕ್ಕಳು ಯಾರು? ಕಡ್ಲಿ ಕೀಳಾಕ ಹೋದವರ ಮಕ್ಕಳು, ಗುಳೇ ಹೋದ ಮನ್ಯಾಗ ಆಯಿ ಕೂಡ ಉಳದ ಮಕ್ಕಳು. ಥಂಡ್ಯಾಗ ಸ್ವೆಟರ್ ಇಲ್ಲದ, ಅವ್ವನ ಹಳೇ ಶಾಲು ಹೊತಗೊಂಡು ಬರ್ತಾವಂತ. ಮುಂಜಾನೆ ಸಾಲ್ಯಾಗ ಬಿಸಿ ಹಾಲು ಕೊಡ್ತಾರ. 2013ರ ಆಗಸ್ಟಿನ್ಯಾಗ ಕ್ಷೀರಭಾಗ್ಯ ಶುರು ಆದಾಗಿಂದ ಅದು ಐತಿ. ಮಧ್ಯಾಹ್ನ ಬಿಸಿಯೂಟ, ಮ್ಯಾಲ ತತ್ತಿ, ಒಲ್ಲೆ ಅನ್ನೋವಕ್ಕ ಬಾಳೆಹಣ್ಣು. ಸರಕಾರ ಹಾಲು, ತತ್ತಿ ಕೊಡಬಹುದು. ಆದ್ರ "ಯಾಕೋ, ನಿನ್ನೆ ಯಾಕ ಬಂದಿಲ್ಲ? ಮೂಗು ಒರಸ್ಕೊ, ಇಲ್ಲಿ ಬಿಸಲಾಗ ಕುಂದ್ರು" ಅನ್ನಾಕ ಒಬ್ಬ ಮನಷ್ಯಾ ಬೇಕಲ್ಲ? ಆ ಮನಷ್ಯಾ ನಮ್ಮನಿ ಸೊಸಿ ಆಗಿದ್ರ ನಾವು ಹೆಮ್ಮಿ ಪಡಬೇಕು.

ಜನವರಿ 3 ಸಾವಿತ್ರಿಬಾಯಿ ಫುಲೆ ಅವರು ಹುಟ್ಟಿದ ದಿನ. 1848ರಾಗ ಪುಣೆದಾಗ ಗಂಡನ ಕೂಡ ಹೆಣ್ಣಮಕ್ಕಳ ಸಾಲಿ ತಗದ್ರು. ಸಾಲಿಗೆ ಹೋಗೂ ದಾರ್ಯಾಗ ಜನ ಸಗಣಿ, ಕೆಸರು ಒಗೀತಿದ್ರಂತ, ಅದಕ್ಕ ಚೀಲದಾಗ ಇನ್ನೊಂದು ಸೀರಿ ಇಟಗೊಂಡು ಹೋಗ್ತಿದ್ರಂತ. ಈಗ ಸಗಣಿ ಯಾರೂ ಒಗಿಯೂದಿಲ್ಲ. ಮಾತು ಒಗೀತಾರ. ಸಗಣಿ ತೊಳದ್ರ ಹೋಗ್ತೈತಿ.

ಈಗ ಖರೇ ತಕರಾರಿಗೆ ಬರ್ತೀನಿ. ನೀವು ಬಾಯಿ ಬಿಟ್ಟು ಅನ್ನಲಿಲ್ಲಂದ್ರೂ ನನಗ ಗೊತ್ತೈತಿ. "ಸೊಸಿ ಹೋಗ್ತಾಳ, ಅತ್ತಿ ಸೊಂಟ ಮುರೀತೈತಿ." ಇದು ಸುಳ್ಳಲ್ಲ. ಐವತ್ತು ದಾಟಿದವರ ಮೊಣಕಾಲಿಗೆ ಡಿಸೆಂಬರ್ ಅಂದ್ರ ಏನು ಅಂತ ನಮಗ ಗೊತ್ತು. ಮುಂಜಾನೆ ಫರಸಿ ಮ್ಯಾಲ ಕಾಲಿಟ್ರ ಬರ್ಫದ ಮ್ಯಾಲ ಇಟ್ಟಂಗ ಆಗ್ತೈತಿ. ಶನಿವಾರಂತೂ ಮುಂಜಾನೆ ಸಾಲಿ, ಬೆಳಕು ಹರಿಯೂದ್ರಾಗ ಬುತ್ತಿ ಆಗಬೇಕು. ಮೊಮ್ಮಗನ್ನ ಎಬ್ಬಸಬೇಕು, ಅಂವ ಕೌದಿ ಬಿಟ್ಟು ಏಳೂದಿಲ್ಲ. ಎಮ್ಮಿ ಹಿಂಡಬೇಕು. ಮೋತ್ಯಾ ನಾಯಿ ರಾತ್ರಿಯೆಲ್ಲಾ ಚಳಿಗೆ ನಡಗಿ ಬಾಗಿಲಾ ಕೆರೀತಿರ್ತೈತಿ, ಅದಕ್ಕ ಒಣಾ ರೊಟ್ಟಿ ಹಾಲಿನ್ಯಾಗ ಮುರದು ಹಾಕಬೇಕು. ಬೆಕ್ಕು ನೀರೊಲಿ ಬೂದ್ಯಾಗ ಬೆಚ್ಚಗ ಮಲಗಿರ್ತೈತಿ, ಅದನ್ನ ಎಬ್ಬಿಸಲಾರದ ಒಲಿ ಹಚ್ಚಂಗಿಲ್ಲ.

ಆದ್ರ ಇದೆಲ್ಲಾ ಕೆಲಸ ಅತ್ತಿದು ಇಲ್ಲಾ ಸೊಸಿದು, ಇಬ್ಬರಾಗ ಒಬ್ಬರು ಮಾಡ್ಬೇಕು ಅಂತ ಯಾರು ಬರದಿಟ್ಟಾರ? ಮನ್ಯಾಗ ಇನ್ನೂ ಎರಡು ಜೋಡಿ ಕೈ ಅದಾವಲ್ಲ? ನಮ್ಮನ್ಯಾಗ ಈ ಥಂಡಿಗೆ ಹಿಂಗ ಹಂಚಕೊಂಡೀವಿ. ಬೆಕ್ಕು ಎಬ್ಬಿಸಿ, ನೀರೊಲಿ ಹಚ್ಚಿ, ಹಂಡೆ ನೀರು ಕಾಸೂದು ನಮ್ಮ ಮನಿಯವರದು. ಹೆಂಗಿದ್ರೂ ಕಾಯಿಸಿಕೋತ ಅಲ್ಲೇ ಕುಂದರ್ತಿದ್ರು, ಈಗ ಕಟಗಿ ಒಟ್ಟಿಕೋತ ಕುಂದರ್ತಾರ. ಎಮ್ಮಿ, ನಾಯಿ ಮಗಂದು. ಮೋತ್ಯಾನ ಕೆಳಗ ಎರಡು ಗೋಣಿಚೀಲದಾಗ ಹೊಟ್ಟು ತುಂಬಿ ಹಾಸ್ಯಾನ, ಈಗ ಬಾಗಿಲಾ ಕೆರಿಯೂದಿಲ್ಲ. ಮೊಮ್ಮಗನ ಜಳಕ, ಸಾಲಿ ಅರಿವಿ ಅವರಪ್ಪಂದ. ರೊಟ್ಟಿ, ಪಲ್ಯಾ ನಂದು. ಸಂಜಿ ಅಡಗಿ ಸೊಸಿದು, ಆಗ ನಾ ಒಲಿ ಕಡೆ ಹಾಯೂದಿಲ್ಲ. ಐತವಾರ ಇಬ್ಬರೂ ಕೂಡಿ ಖಡಕ್ ರೊಟ್ಟಿ ಬಡೀತೀವಿ. ಕಡ್ಲಿ ಪಲ್ಯಾ ಬರೂ ದಿನದಾಗ ಅದೊಂದ ಮಾಡ್ತೀವಿ, ದಿನಾ ಎರಡು ಕಾಯಿಪಲ್ಯಾ ಆಗ್ಬೇಕು ಅನ್ನೂ ಹಟ ಬಿಟ್ಟೀವಿ. ಗಂಡಸರು ಮೊದಲು ಒಂದು ವಾರ ಗೊಣಗಿದ್ರು, ಆಮ್ಯಾಲ ರೂಢಿ ಆತು. ಚಳಿ ಹೆಣ್ಣಿಗಷ್ಟ ಆಗೂದಿಲ್ಲ, ಹಂಗ ಕೆಲಸಾನೂ ಹೆಣ್ಣಿಗಷ್ಟ ಅಲ್ಲ.

ಇನ್ನೊಂದು ಮಾತು ಐತಿ, ಅದನ್ನೂ ಹೇಳಿಬಿಡ್ತೀನಿ. ನಾನು ಪಿಯುಸಿ ಮುಗಿಸಿದಾಗ ಡಿ.ಎಡ್‌ಗೆ ಟಿಸಿಎಚ್ ಅಂತಿದ್ರು. ನರಗುಂದದಾಗ ಗೆಳತಿ ಕೂಡ ಹೋಗಿ ಅರ್ಜಿ ತಂದಿದ್ದೆ. ಅಷ್ಟರಾಗ ಮದುವಿ ಗೊತ್ತಾತು, ಅರ್ಜಿ ಟ್ರಂಕಿನ್ಯಾಗ ಉಳೀತು. ಆ ಗೆಳತಿ ಬಾಯಾರು ಆದ್ಲು, ಇನ್ನೇನು ರಿಟೈರ್ ಆಗೂ ಹೊತ್ತಿಗೆ ಬಂದಾಳ. ನನಗ ಮನಿ, ಮಕ್ಕಳು, ಹೊಲ ಎಲ್ಲಾ ಚಲೋನ ಅದಾವ, ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರ ಒಂದು ತಿಳಕೊಂಡೀನಿ. ಹೆಣ್ಣಮಕ್ಕಳ ನೌಕರಿ "ಈಗ ಬಿಡು, ಮುಂದ ನೋಡೂಣು" ಅಂತ ಬಿಡಿಸಿದ್ರ ಆ ಮುಂದ ಅನ್ನೂದು ಬರೂದಿಲ್ಲ. ಮೊದಲು ಥಂಡಿ, ಆಮ್ಯಾಲ ಮಗನ ಪರೀಕ್ಷೆ, ಆಮ್ಯಾಲ ಯಾರದರ ಮದುವಿ, ಆಮ್ಯಾಲ ಬಾಣಂತನ. ಬಿಡಸಾಕ ಕಾರಣ ಹನ್ನೆರಡು ತಿಂಗಳೂ ಸಿಗ್ತಾವ.

ಅದಕ್ಕ ನಂದೊಂದು ವಿನಂತಿ. ಸೊಸಿ ನೌಕರಿ ಮಾಡೂ ಮನಿಗೆ ಹೋದಾಗ ಬಿಡಸ್ರಿ ಅನ್ನಬ್ಯಾಡ್ರಿ. ಚಳಿಗೆ ಕನಿಕರ ಬಂದ್ರ ಹತ್ತು ಸಜ್ಜಿ ರೊಟ್ಟಿ ಕಟಗೊಂಡು ಹೋಗ್ರಿ. ಇಲ್ಲಾ ಸಂಜಿಮುಂದ ಆ ಕೂಸಿನ್ನ ನಿಮ್ಮ ಮನ್ಯಾಗ ಒಂದು ತಾಸು ಆಡಾಕ ಬಿಟಗೊಳ್ರಿ. ಅದೂ ಆಗಲಿಲ್ಲಂದ್ರ ನಿಮ್ಮ ಗಂಡಮಕ್ಕಳಿಗೆ ನೀರೊಲಿ ಹಚ್ಚೂದು ಕಲಸ್ರಿ, ನಾಳೆ ನಿಮ್ಮನಿಗೂ ಕಲಿತ ಸೊಸಿ ಬರ್ತಾಳ.

ನಮ್ಮ ಸೊಸಿ ಜೂನ್‌ದಾಗ ಮತ್ತ ಅರ್ಜಿ ಹಾಕ್ತಾಳ. ಜಾಗಾ ಇಲ್ಲ ಅಂತ ಸಾಲಿ ಕಡಿಂದ ಬಂದ್ರ ಅದು ಬ್ಯಾರೆ ಮಾತು. ಮನಿ ಕಡಿಂದ ಮಾತ್ರ ಬ್ಯಾಡ ಅನ್ನೂ ಮಾತು ಬರೂದಿಲ್ಲ.